ಆ 168 ಜನ ಎಲ್ಲಿ? ಮಹಾರಾಷ್ಟ್ರದ ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳೇ,

ನಾನು ಮುಂಬಯಿ ಕನ್ನಡಿಗ. ಹದಿನಾಲ್ಕನೇ ವಯಸ್ಸಿಗೆ ಊರು ಬಿಟ್ಟು ಬಂದು ಹೋಟೆಲಿನಲ್ಲಿ ಗ್ಲಾಸು ತೊಳೆದೆ, ರಾತ್ರಿಶಾಲೆಯಲ್ಲಿ ಓದಿದೆ, ಆಮೇಲೆ ಗಲ್ಲೆಯಲ್ಲಿ ಕೂತೆ. ಬಾಬ್ರಿ ಮಸೀದಿ ಉರುಳಿದ ಮೇಲೆ 1992ರ ಡಿಸೆಂಬರ್ ಮತ್ತು 1993ರ ಜನವರಿಯಲ್ಲಿ ಮುಂಬಯಿಯಲ್ಲಿ ಹಿಂದೂ-ಮುಸ್ಲಿಂ ಗಲಭೆ ನಡೆಯಿತು. ಆ ಜನವರಿಯಲ್ಲಿ ನಮ್ಮ ಖೋಲಿಯಲ್ಲೇ ಇದ್ದ ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸ್ಲಿಂ ಹುಡುಗನೊಬ್ಬ, ಕರ್ಫ್ಯೂ ಸಡಿಲವಾದ ಹೊತ್ತಿನಲ್ಲಿ, ಡೋಂಗ್ರಿಯ ಮಾವನನ್ನು ನೋಡಿ ಬರುತ್ತೇನೆಂದು ಹೊರಟ. ಮಾವನ ಮನೆಗೂ ಮುಟ್ಟಲಿಲ್ಲ, ಖೋಲಿಗೂ ತಿರುಗಿ ಬರಲಿಲ್ಲ. ಶವಾಗಾರಗಳನ್ನೆಲ್ಲ ಸುತ್ತಿದೆವು. ಠಾಣೆಯಲ್ಲಿ "ಊರಿಗೆ ಓಡಿರಬೇಕು, ಬರ್ತಾನೆ" ಎಂದರು, ದೂರು ಬರೆದುಕೊಳ್ಳಲಿಲ್ಲ. ಅವನ ತಗಡಿನ ಟ್ರಂಕನ್ನು ನಾನೇ ಊರಿಗೆ ಒಯ್ದೆ. ಕೀಲಿಕೈ ಅವನ ಜೇಬಿನಲ್ಲೇ ಹೋಗಿತ್ತು. ಬೀಗ ಒಡೆಯೋಣವೆಂದರೆ ಅವನ ಉಮ್ಮ ಬಿಡಲಿಲ್ಲ. "ಬಂದು ಅವನೇ ತೆಗೀಲಿ" ಎಂದರು. ಅವರು ತೀರಿಕೊಂಡು ವರ್ಷಗಳಾದವು. ಬೀಗ ಹಾಗೇ ಇದೆ.

ಆ ಗಲಭೆಯ ತನಿಖೆ ನಡೆಸಿದ ಶ್ರೀಕೃಷ್ಣ ಆಯೋಗ 1998ರ ಫೆಬ್ರವರಿಯಲ್ಲಿ ವರದಿ ಕೊಟ್ಟಿತು. ಸತ್ತವರು 900 ಎಂದು ಲೆಕ್ಕ ಸಿಕ್ಕಿತು. ಕಾಣೆಯಾದವರು 168. ಇವರಲ್ಲಿ 60 ಜನರ ಮನೆಯವರಿಗಷ್ಟೇ ಪರಿಹಾರ ಸಿಕ್ಕಿತ್ತು, ಉಳಿದ 108 ಜನರ ಮನೆಯವರ ವಿಳಾಸ ಸಿಗಲಿಲ್ಲ ಅಥವಾ ಕಾಗದಪತ್ರ ಪೂರ್ತಿ ಇರಲಿಲ್ಲ ಎಂಬ ಸಂಗತಿ 2022ರ ನವೆಂಬರ್ 4ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ. ಅವರನ್ನು ಹುಡುಕಿ ಎರಡು ಲಕ್ಷ ರೂಪಾಯಿಯನ್ನು ಶೇ. 9ರ ಬಡ್ಡಿ ಸಮೇತ ಕೊಡಿ ಎಂದು ಕೋರ್ಟು ಹೇಳಿತು, ಮೇಲ್ವಿಚಾರಣೆಗೆ ಸಮಿತಿಯನ್ನೂ ಮಾಡಿತು. ಸುಟ್ಟುಹೋದ ಝೋಪಡಿಯ ವಿಳಾಸದಲ್ಲಿ ಯಾರು ಸಿಕ್ಕಾರು, ಸ್ವಾಮಿ? ಮಗನನ್ನು ಕಳೆದುಕೊಂಡವರು ರೈಲು ಹತ್ತಿ ಊರು ಸೇರಿಕೊಂಡರು. ನಮ್ಮ ಹುಡುಗ ಆ 168ರಲ್ಲಿ ಇರುವುದೇ ನನಗೆ ಅನುಮಾನ. ದೂರೇ ಇಲ್ಲದ ಮೇಲೆ ಹೆಸರು ಎಲ್ಲಿಂದ ಬರಬೇಕು?

ಇದನ್ನೆಲ್ಲ ಬರೆಯುವಾಗ ಆಫ್ರಿಕಾದ ರುವಾಂಡಾ ಎಂಬ ಪುಟ್ಟ ದೇಶ ನೆನಪಾಗುತ್ತದೆ. 1994ರಲ್ಲಿ ಅಲ್ಲಿ ನೂರು ದಿನಗಳಲ್ಲಿ ಸುಮಾರು ಎಂಟು ಲಕ್ಷ ಜನರನ್ನು ಕೊಂದರು, ಎಷ್ಟೋ ಕಡೆ ಪಕ್ಕದ ಮನೆಯವರೇ ಕೊಂದರು. ಜೈಲಿನಲ್ಲಿ ಲಕ್ಷಕ್ಕೂ ಮೀರಿ ಜನ. ಮಾಮೂಲಿ ಕೋರ್ಟುಗಳಲ್ಲಿ ವಿಚಾರಣೆ ನಡೆಸಿದ್ದರೆ ತಲೆಮಾರುಗಳೇ ಕಳೆಯುತ್ತಿದ್ದವು. ಆಗ ಅವರು ಹಳೆಯ 'ಗಚಾಚಾ'ವನ್ನು ಮತ್ತೆ ಎಬ್ಬಿಸಿದರು. ಆ ಮಾತಿನ ಅರ್ಥ ಹುಲ್ಲು. ಊರ ಹಿರಿಯರು ಹುಲ್ಲಿನ ಮೇಲೆ ಕೂತು ಜಗಳ ಬಗೆಹರಿಸುತ್ತಿದ್ದ ಪದ್ಧತಿ. 2001ರಲ್ಲಿ ಕಾನೂನು ಬಂತು, 2005ರಿಂದ ಇಡೀ ದೇಶದಲ್ಲಿ ನಡೆಯಿತು, 2012ರ ಜೂನ್‌ನಲ್ಲಿ ಮುಗಿಯಿತು. ಸುಮಾರು 12,000 ಕೂಟಗಳು, ಹತ್ತಿರ ಹತ್ತಿರ ಇಪ್ಪತ್ತು ಲಕ್ಷ ಪ್ರಕರಣಗಳು. ನ್ಯಾಯಾಧೀಶರು ಊರವರೇ ಆರಿಸಿದ ಸಾಮಾನ್ಯ ಜನ. ತಪ್ಪೊಪ್ಪಿಕೊಂಡವನಿಗೆ ಶಿಕ್ಷೆ ಕಡಿಮೆ. ಆದರೆ ಹೆಣ ಎಲ್ಲಿ ಹಾಕಿದ್ದೇನೆಂದು ಅವನು ಬಾಯಿಬಿಡಬೇಕಿತ್ತು. ಎಷ್ಟೋ ಮನೆಯವರು ಹಾಗೆ ತಮ್ಮವರ ಮೂಳೆ ಆರಿಸಿ ತಂದು ಮಣ್ಣು ಕೊಟ್ಟರು.

ಗಚಾಚಾದ ಕೊರತೆಗಳು ದೊಡ್ಡವೇ. ಆರೋಪಿಗೆ ವಕೀಲರಿರಲಿಲ್ಲ. ಕಾದಾಟದಲ್ಲಿ ಗೆದ್ದು ಅಧಿಕಾರಕ್ಕೆ ಬಂದ ಪಕ್ಷದ ಸೈನಿಕರು ಮಾಡಿದ ಕೊಲೆಗಳು ಅದರ ಮುಂದೆ ಬರಲೇ ಇಲ್ಲ. ಸಾಕ್ಷಿ ಹೇಳಿದವರನ್ನು ಕೊಂದದ್ದೂ ಇದೆ. ನಾನು ತುಳುನಾಡಿನವನು, ಊರ ಜಮೀನ್ದಾರರ ಗುತ್ತಿನ ಮನೆಯ ಚಾವಡಿಯಲ್ಲಿ ನ್ಯಾಯ ತೀರುವುದನ್ನು ಚಿಕ್ಕಂದಿನಲ್ಲಿ ಕಂಡವನು. ಅಲ್ಲಿ ಯಾರು ಮೇಲೆ ಕೂರುತ್ತಿದ್ದರು, ಯಾರು ಅಂಗಳದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದರು ಎಂಬುದು ಮರೆತಿಲ್ಲ. ಹಾಗಾಗಿ ಶಿಕ್ಷೆ ಕೊಡುವ ಕಟ್ಟೆಯನ್ನು ನಾನು ಕೇಳುತ್ತಿಲ್ಲ. ಶಿಕ್ಷೆ ಕೋರ್ಟಿನ ಕೆಲಸ, ಅದು ಅಲ್ಲೇ ಇರಲಿ.

ನಾನು ಕೇಳುವುದು ಕಿವಿಗೊಡುವ ಕಟ್ಟೆ. ಡೋಂಗ್ರಿ, ನಾಗ್ಪಾಡಾ, ಧಾರಾವಿ, ಜೋಗೇಶ್ವರಿಗಳಲ್ಲಿ ವಾರಕ್ಕೊಂದು ದಿನ, ನಿವೃತ್ತ ನ್ಯಾಯಾಧೀಶರೊಬ್ಬರ ಎದುರು, ಎರಡೂ ಧರ್ಮದ ಮೊಹಲ್ಲಾ ಜನ ಕೂತು ಕಾಣೆಯಾದವರ ಬಗ್ಗೆ ಮಾತ್ರ ಕೇಳಲಿ. ಕಂಡವರು ಇನ್ನೂ ಬದುಕಿದ್ದಾರೆ, ಅವರಿಗೆಲ್ಲ ಈಗ ಅರವತ್ತು, ಎಪ್ಪತ್ತು. ಹೆದರುವವರ ಹೆಸರು ಗುಟ್ಟಾಗಿರಲಿ. ಆ ಎರಡು ತಿಂಗಳ ಶವಾಗಾರ, ಸ್ಮಶಾನ, ಕಬರಸ್ತಾನಗಳ ರಿಜಿಸ್ಟರುಗಳನ್ನು ಅಲ್ಲಿ ತೆರೆದಿಡಿ. ಇದು ಆಗದ ಮಾತೇನಲ್ಲ. 1984ರ ಗಲಭೆಯಲ್ಲಿ ಉರಿದ, ಮುಂಬಯಿ ಹತ್ತಿರದ ಭಿವಂಡಿ ಪಟ್ಟಣ, ಪೊಲೀಸರೇ ಮುಂದೆ ನಿಂತು ಕಟ್ಟಿದ ಮೊಹಲ್ಲಾ ಸಮಿತಿಗಳಿಂದಾಗಿ 1992ರಲ್ಲಿ ಶಾಂತವಾಗಿತ್ತು. ಆಮೇಲೆ ಮುಂಬಯಿಯಲ್ಲೂ ಅಂಥ ಸಮಿತಿಗಳು ಹುಟ್ಟಿದವು. ನಾಳೆಯ ಜಗಳ ತಡೆಯುವುದರಲ್ಲಿ ಅವು ಗಟ್ಟಿ. ಹಿಂದೆ ಆದದ್ದನ್ನು ಕೇಳುವ ಅಧಿಕಾರವನ್ನು ಅವಕ್ಕೆ ಯಾರೂ ಕೊಡಲಿಲ್ಲ.

ಇನ್ನೊಂದು ಮಾತು. 168 ಹೆಸರುಗಳ ಪಟ್ಟಿಯನ್ನು ಕನ್ನಡ, ಉರ್ದು, ಹಿಂದಿ, ತಮಿಳಿನಲ್ಲೂ ಅಚ್ಚು ಹಾಕಿಸಿ ಬೇರೆ ರಾಜ್ಯಗಳ ತಾಲೂಕು ಕಚೇರಿಗಳಿಗೆ ಕಳಿಸಿ. ಪುತ್ತೂರಿನ ಹಳ್ಳಿಯ ತಂಗಿ ಮುಂಬಯಿಯ ಮರಾಠಿ ಪೇಪರಿನ ಜಾಹೀರಾತನ್ನು ಹೇಗೆ ಓದಿಯಾಳು?

ಮೊದಲ ಸಭೆ ಎಲ್ಲಿ ಕೂಡಿಸುತ್ತೀರೋ ತಿಳಿಸಿ, ಬರುತ್ತೇನೆ. ಅವನು ಯಾವ ಬಣ್ಣದ ಅಂಗಿ ಹಾಕಿದ್ದ, ಎಷ್ಟು ಗಂಟೆಗೆ ಹೊರಟ, ಯಾವ ಗಲ್ಲಿಯಲ್ಲಿ ತಿರುಗಿದ, ಎಲ್ಲ ನೆನಪಿದೆ. ಈವರೆಗೆ ಯಾರೂ ಕೇಳಿಲ್ಲ.

ಇತಿ,
ಮುಂಬಯಿಯ ಒಬ್ಬ ಕನ್ನಡಿಗ