ಸಹಿಗೆ ಮುನ್ನ ದಿನಾಂಕಗಳ ಪುಟ ನೋಡಿ: ಪರಿಸರ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಪರಿಸರ ಸಚಿವರೇ,

ನಮಸ್ಕಾರ. ನದಿಗೆ ಅಡ್ಡಲಾಗಿ ಕಟ್ಟೆಯಿರಲಿ, ಜೌಗು ನೆಲದ ಮೇಲೆ ರಸ್ತೆಯಿರಲಿ, ಗುಡ್ಡದೊಳಗೆ ಸುರಂಗವಿರಲಿ, ಯೋಜನೆಯ ಕಡತ ನಿಮ್ಮ ಮೇಜಿಗೆ ಬರುವಾಗ ದಪ್ಪನೆಯ ಅಧ್ಯಯನ ವರದಿಯೊಂದು ಜೊತೆಗೇ ಬರುತ್ತದೆ. ಅಷ್ಟನ್ನೂ ಓದಲು ನಿಮಗೆ ಪುರುಸೊತ್ತಿಲ್ಲ, ಗೊತ್ತು. ಒಂದೇ ಒಂದು ಪುಟ ಓದಿ: ಅಧ್ಯಯನದವರು ಸ್ಥಳಕ್ಕೆ ಹೋಗಿದ್ದ ದಿನಾಂಕಗಳ ಪುಟ. ಆ ಪುಟವೇ ಇಲ್ಲದಿದ್ದರೆ ಕಡತವನ್ನು ವಾಪಸ್ ಕಳಿಸಿ.

"ಇಲ್ಲಿ ಗಮನಾರ್ಹ ಜೀವಿಗಳು ಕಂಡುಬಂದಿಲ್ಲ" ಎಂಬ ಸಾಲು ಸುಳ್ಳೇ ಆಗಿರಬೇಕಿಲ್ಲ. ಬೇಸಿಗೆಯ ನಾಲ್ಕು ಹಗಲು ಸುತ್ತಾಡಿದರೆ ಏನೂ ಕಾಣದಿರುವುದೇ ಸಹಜ. ಮಳೆ ಬಿದ್ದಾಗ ಮಾತ್ರ ನೀರು ನಿಲ್ಲುವ ಹೊಂಡಗಳಲ್ಲಿ ಮೊಟ್ಟೆಯಿಡುವ ಕಪ್ಪೆಗಳು ಒಣಗಿದ ತಿಂಗಳುಗಳನ್ನು ಮಣ್ಣಿನಡಿ ಕಳೆಯುತ್ತವೆ. ವಲಸೆ ಹಕ್ಕಿಗಳು ಆ ಹೊತ್ತಿಗೆ ಸಾವಿರಾರು ಕಿಲೋಮೀಟರ್ ಆಚೆ. ಎಷ್ಟೋ ಮೀನುಗಳು ಮೊಟ್ಟೆಯಿಡಲು ಪ್ರವಾಹಕ್ಕೆದುರಾಗಿ ಹತ್ತುವುದು ಹೊಸ ನೀರು ಬಂದಾಗಲೇ. ನದಿಯೂ ಅಷ್ಟೆ. ವರ್ಷವಿಡೀ ಸಾಗಿಸಬೇಕಾದ ಹೂಳಿನ ಬಹುಪಾಲನ್ನು ಅನೇಕ ನದಿಗಳು ಕೆಲವೇ ದಿನಗಳ ನೆರೆಯಲ್ಲಿ ಸಾಗಿಸಿ ಮುಗಿಸುತ್ತವೆ. ಆ ದಿನಗಳಲ್ಲಿ ದಡದಲ್ಲಿ ನಿಂತು ನೀರಿನ ಮಾದರಿ ಹಿಡಿಯದವರು ಹೂಳಿನ ಬಗ್ಗೆ ಬರೆದ ಅಂಕಿ ಊಹೆಯಲ್ಲದೆ ಮತ್ತೇನು? (ನೆರೆಯಲ್ಲಿ ಅಳೆಯುವುದು ಅಪಾಯದ ಕೆಲಸ, ಖರ್ಚಿನದೂ ಹೌದು. ವರದಿಗಳು ಬೇಸಿಗೆಯಲ್ಲೇ ಹುಟ್ಟುವುದೇಕೆಂದು ಇದರಿಂದ ನಿಮಗೆ ಹೊಳೆದೀತು.)

ಒಂದು ವರ್ಷ ಸಾಲದೇ ಎಂದು ನಿಮ್ಮ ಅಧಿಕಾರಿಗಳು ಕೇಳಬಹುದು. ಜೀವಿಗಳ ಪಟ್ಟಿ ಮಾಡಲು ಎಲ್ಲ ಋತುಗಳನ್ನೂ ಕಂಡ ಒಂದು ವರ್ಷ ಕನಿಷ್ಠ ಬೇಕು. ನೀರಿನ ಲೆಕ್ಕಕ್ಕೆ ಅದು ಏನೇನೂ ಸಾಲದು. ಅಮೆರಿಕದ ಕೊಲೊರಾಡೊ ನದಿಯನ್ನು 1922ರ ಒಪ್ಪಂದದಲ್ಲಿ ಹಂಚಿಕೊಂಡರು, ಮೇಲ್ಪಾತ್ರಕ್ಕೂ ಕೆಳಪಾತ್ರಕ್ಕೂ ವರ್ಷಕ್ಕೆ ತಲಾ 75 ಲಕ್ಷ ಎಕರೆ-ಅಡಿ ನೀರು (ಒಂದು ಎಕರೆ ನೆಲದ ಮೇಲೆ ಒಂದಡಿ ಎತ್ತರಕ್ಕೆ ನಿಲ್ಲುವಷ್ಟು ನೀರು ಒಂದು ಎಕರೆ-ಅಡಿ). ಆಗ ಕೈಯಲ್ಲಿದ್ದದ್ದು ಕೆಲವೇ ದಶಕಗಳ ಅಳತೆ. ಮರಗಳ ಬೆಳವಣಿಗೆಯ ಉಂಗುರಗಳಿಂದ ಹಿಂದಿನ ಶತಮಾನಗಳ ಹರಿವನ್ನು ಲೆಕ್ಕ ಹಾಕಿದ ಅಧ್ಯಯನ 1976ರಲ್ಲಿ ಹೊರಬಂದಾಗ ಗುಟ್ಟು ರಟ್ಟಾಯಿತು: ಒಪ್ಪಂದಕ್ಕೆ ಆಧಾರವಾಗಿದ್ದ ಆ ವರ್ಷಗಳು ನಾಲ್ಕು ಶತಮಾನಗಳಲ್ಲೇ ಅತಿ ಹೆಚ್ಚು ನೀರು ಹರಿದ ಕಾಲಕ್ಕೆ ಸೇರಿದ್ದವು. ನದಿಯಲ್ಲಿಲ್ಲದ ನೀರನ್ನು ಕಾಗದದ ಮೇಲೆ ಹಂಚಿಯಾಗಿತ್ತು. ಆ ಜಗಳ ಇವತ್ತಿಗೂ ಬಗೆಹರಿದಿಲ್ಲ.

ಅದೇ ಪುಟದಲ್ಲಿ ಇನ್ನೊಂದನ್ನೂ ನೋಡಿ. ಅಧ್ಯಯನ ಮೊದಲೋ, ಕಾಂಕ್ರೀಟು ಮೊದಲೋ? ಇಟಲಿಯ ವಾಯೋಂಟ್ ಕಣಿವೆಯಲ್ಲಿ 260 ಮೀಟರಿಗೂ ಎತ್ತರದ ಅಣೆಕಟ್ಟು ಮೇಲೇಳುತ್ತಿದ್ದ ಕಾಲ. ಪಕ್ಕದ ಟೊಕ್ ಬೆಟ್ಟವನ್ನು ಕಾಲ್ನಡಿಗೆಯಲ್ಲಿ ಸುತ್ತಿದ ಯುವ ಭೂವಿಜ್ಞಾನಿ ಎಡೊಆರ್ಡೊ ಸೆಮೆಂಜಾ, ಅಲ್ಲಿರುವುದು ಗಟ್ಟಿ ಬೆಟ್ಟವಲ್ಲ, ಪುರಾತನ ಭೂಕುಸಿತದ ರಾಶಿ ಎಂದು ಗುರುತಿಸಿದ್ದು 1959ರಲ್ಲಿ. ಆತ ಬೇರೆ ಯಾರೂ ಅಲ್ಲ, ಅಣೆಕಟ್ಟಿನ ವಿನ್ಯಾಸ ಮಾಡಿದ ಎಂಜಿನಿಯರ್ ಕಾರ್ಲೊ ಸೆಮೆಂಜಾರ ಮಗ. ಹಿರಿಯ ತಜ್ಞರು ಕೆಲವರು ಒಪ್ಪಲಿಲ್ಲ. ಒಪ್ಪಿದ್ದರೂ, ಅಷ್ಟು ಹಣ ಸುರಿದ ಮೇಲೆ ನಿಲ್ಲಿಸಿ ಎನ್ನುವ ಎದೆಗಾರಿಕೆ ಯಾರಿಗಿತ್ತೋ! ಜಲಾಶಯ ತುಂಬಿಸಿದರು. 1963ರ ಅಕ್ಟೋಬರ್ 9ರ ರಾತ್ರಿ 26 ಕೋಟಿ ಘನ ಮೀಟರಿನಷ್ಟು ಬೆಟ್ಟ ಒಂದು ನಿಮಿಷದೊಳಗೆ ನೀರಿಗೆ ಜಾರಿತು. ಕಟ್ಟೆಯ ಮೇಲಿಂದ ಹಾರಿ ಬಂದ ನೀರು ಕೆಳಗಿನ ಲೊಂಗರೋನೆ ಊರನ್ನು ಗುಡಿಸಿಕೊಂಡು ಹೋಯಿತು. ಸತ್ತವರು 1,900ಕ್ಕೂ ಹೆಚ್ಚು ಜನ. ಅಣೆಕಟ್ಟು ಮಾತ್ರ ಈಗಲೂ ನಿಂತಿದೆ.

ಇನ್ನು ಖರ್ಚಿನ ಮಾತು. ಬಿಗಿ ಬಜೆಟ್ಟಿನ ವರ್ಷ ಬಂದರೆ ಮೊದಲು ಬೀಗ ಬೀಳುವುದು ನೀರಿನ ಮಟ್ಟ ಅಳೆಯುವ ಕೇಂದ್ರಗಳಿಗೆ. ಅಲ್ಲಿ ಉದ್ಘಾಟನೆ ಮಾಡುವಂಥದ್ದು ಏನೂ ಇಲ್ಲ ನೋಡಿ! ಆದರೆ ನದಿಯ ತಳ ಕೊರೆಯುತ್ತದೆ, ತುಂಬುತ್ತದೆ. ಅಳತೆಗೋಲಿನಲ್ಲಿ ಹೋದ ವರ್ಷ ಕಂಡ ಎರಡು ಮೀಟರಿಗೂ ಈ ವರ್ಷದ ಎರಡು ಮೀಟರಿಗೂ ಹರಿವು ಒಂದೇ ಇರುವುದಿಲ್ಲ. ಮತ್ತೆ ಮತ್ತೆ ನೀರಿಗಿಳಿದು ವೇಗ ಅಳೆದು ತಾಳೆ ನೋಡುತ್ತಲೇ ಇರಬೇಕು. ಮಧ್ಯೆ ಐದು ವರ್ಷ ಬಿಟ್ಟುಹೋದರೆ ಆ ಐದು ವರ್ಷವನ್ನು ಯಾವ ದುಡ್ಡು ಕೊಟ್ಟರೂ ತರಲಾಗದು. ಅಮೆರಿಕದ ಹಬರ್ಡ್ ಬ್ರೂಕ್ ಕಾಡಿನಲ್ಲಿ ಮಳೆನೀರು, ತೊರೆನೀರುಗಳ ರಸಾಯನವನ್ನು 1963ರಿಂದ ಬಿಡದೆ ಅಳೆದಿದ್ದಾರೆ. ಆಮ್ಲಮಳೆಯ ಬಗ್ಗೆ ಅಲ್ಲಿ ಕಂಡದ್ದು, ಹೊಗೆಯಲ್ಲಿನ ಗಂಧಕಕ್ಕೆ ಕಡಿವಾಣ ಹಾಕಿದ 1990ರ ಕಾನೂನು ತಿದ್ದುಪಡಿಗೆ ಬಲ ಕೊಟ್ಟಿತು. ಮೂರು ವರ್ಷದ ಅನುದಾನದಲ್ಲಿ ಆಗುವ ಕೆಲಸವಲ್ಲ ಅದು.

ನಾನು ಕೇಳುವುದು ಹೊಸ ಮಂಡಳಿಯನ್ನಲ್ಲ, ಹೊಸ ಕಟ್ಟಡವನ್ನೂ ಅಲ್ಲ. ಸ್ಥಳಕ್ಕೆ ಹೋದ ದಿನ, ಇದ್ದ ಗಂಟೆ, ಅಳೆದ ಜಾಗ, ಬರೆದುಕೊಂಡ ಮೂಲ ಅಂಕಿ, ಇವಿಷ್ಟನ್ನೂ ಅನುಮತಿಗೆ ಮೊದಲೇ ಎಲ್ಲರ ಕಣ್ಣಿಗೆ ಬೀಳುವಂತೆ ಪ್ರಕಟಿಸಬೇಕೆಂದು ಒಂದು ಆದೇಶ ಹೊರಡಿಸಿ. ನಡೆಯುತ್ತಿರುವ ಅಳತೆ ಕೇಂದ್ರಗಳನ್ನು ಮುಚ್ಚುವ ಕಡತ ನಿಮ್ಮ ಸಹಿಗೆ ಕಾದಿದ್ದರೆ, ದಯವಿಟ್ಟು ಅದನ್ನು ಮೇಜಿನ ಮೇಲೇ ಧೂಳು ಹಿಡಿಯಲು ಬಿಡಿ.

ಇಂತಿ,
ಅಳತೆಗೋಲು ಹಿಡಿದು ನೀರಿಗಿಳಿಯುತ್ತಿದ್ದವನೊಬ್ಬ