ದವಡೆ ಕೀಲಿನ ನೋವಿಗೆ ಒಂದೇ ಸೂರಿನಡಿ ಚಿಕಿತ್ಸೆ ಸಿಗಲಿ

ಕಿವಿಯ ಮುಂಭಾಗದ ದವಡೆ ಕೀಲಿನ ನೋವನ್ನು ಕಿವಿನೋವೆಂದೋ ಹಲ್ಲುನೋವೆಂದೋ ತಿಳಿದು ರೋಗಿಗಳು ಆಸ್ಪತ್ರೆಗಳಿಗೆ ಅಲೆಯುವಂತಾಗಿರುವುದು ಕಳವಳದ ಸಂಗತಿ. ಅಗಿಯಲು, ಆಕಳಿಸಲು, ಮಾತನಾಡಲೂ ಕಷ್ಟಪಡುವ ಇವರ ಸಂಕಟ ಹೊರಗೆ ಕಾಣುವುದಿಲ್ಲ. ಹಲ್ಲು ಕಡಿಯುವ ಅಭ್ಯಾಸ, ಮಾನಸಿಕ ಒತ್ತಡ, ಪೆಟ್ಟು, ಸಂಧಿವಾತ ಹೀಗೆ ಕಾರಣಗಳು ಹಲವು. ವೈದ್ಯಕೀಯ ಮತ್ತು ದಂತ ವೈದ್ಯಕೀಯದ ನಡುವಿನ ಕಂದಕದಲ್ಲಿ ಈ ರೋಗಿಗಳು ಸಿಲುಕಿರುವುದನ್ನು ಅಮೆರಿಕದ ರಾಷ್ಟ್ರೀಯ ವಿಜ್ಞಾನ, ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಅಕಾಡೆಮಿಗಳ 2020ರ ವರದಿಯೂ ಎತ್ತಿ ತೋರಿದೆ. ದೀರ್ಘಕಾಲದ ನೋವಿಗೆ ತಜ್ಞರ ನಿಗಾದಲ್ಲಿ ದವಡೆ ವ್ಯಾಯಾಮ, ಮನೋಚಿಕಿತ್ಸೆಯಂಥ ಕ್ರಮಗಳನ್ನು ಬ್ರಿಟನ್ನಿನ ವೈದ್ಯಕೀಯ ನಿಯತಕಾಲಿಕ ‘ಬಿಎಂಜೆ’ಯ 2023ರ ಮಾರ್ಗಸೂಚಿ ಶಿಫಾರಸು ಮಾಡಿದೆ. ಕೀಲಿನ ಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕ್ ತೆಗೆಯುವ ಶಸ್ತ್ರಚಿಕಿತ್ಸೆ ಬೇಡವೆಂದಿದೆ. ಸರ್ಕಾರಿ ದಂತ ವೈದ್ಯಕೀಯ ಕಾಲೇಜುಗಳಲ್ಲಿ ವಾರಕ್ಕೊಂದು ದಿನವಾದರೂ ದಂತವೈದ್ಯರು, ಕಿವಿ–ಮೂಗು–ಗಂಟಲು ತಜ್ಞರು ಹಾಗೂ ಫಿಸಿಯೊಥೆರಪಿಸ್ಟ್‌ಗಳು ಒಟ್ಟಾಗಿ ರೋಗಿಗಳನ್ನು ನೋಡುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ಕಲ್ಪಿಸಬೇಕು.

– ಓದುಗ, ದಾವಣಗೆರೆ