ನಮ್ಮ ಬೀದಿಯ ಡಾಕ್ಟರಿಗೆ ಥ್ಯಾಂಕ್ಸ್

ಅಪ್ಪನ ಕೆಮ್ಮು ಬಿಡುತ್ತಲೇ ಇರಲಿಲ್ಲ. ದಾವಣಗೆರೆಯ ನಮ್ಮ ಬೀದಿಯ ಡಾಕ್ಟರು ಇನ್ನೊಂದು ಸಿರಪ್ ಬರೆಯಲಿಲ್ಲ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು ಎಂದು ಸರ್ಕಾರಿ ಆಸ್ಪತ್ರೆಗೆ ಚೀಟಿ ಕೊಟ್ಟರು.

ಕ್ಷಯ ಅಂತ ಗೊತ್ತಾದಾಗ ಅಪ್ಪ ಕುಗ್ಗಿಹೋದರು. ಡಾಕ್ಟರು ಬಾಗಿಲು ಮುಂದಕ್ಕೆ ಹಾಕಿ, ಕುರ್ಚಿ ಹತ್ತಿರ ಎಳೆದುಕೊಂಡು ಮೆಲ್ಲಗೆ ಮಾತಾಡಿದರು. 6 ತಿಂಗಳು ಮಾತ್ರೆ, ದುಡ್ಡು ಕೊಡಬೇಕಿಲ್ಲ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಆ ಮಾತ್ರೆಯಲ್ಲಿರುವ ರಿಫಾಂಪಿಸಿನ್ ಅನ್ನೋ ಔಷಧಿಯ ಕೆಲಸ ಅಂದರು. (ಇದನ್ನು ಮೊದಲೇ ಹೇಳದಿದ್ದರೆ ಅಪ್ಪ ಮರುದಿನವೇ ಮಾತ್ರೆ ಬಿಡುತ್ತಿದ್ದರು, ಖಂಡಿತ!) ಕ್ಷಯ ರೋಗಿಗಳನ್ನು ನೋಂದಾಯಿಸುವ ಸರ್ಕಾರದ ನಿಕ್ಷಯ್ ಪೋರ್ಟಲ್‌ನಲ್ಲಿ ಅಪ್ಪನ ಹೆಸರು ತಾವೇ ಸೇರಿಸಿದರು. ಊಟಕ್ಕೆಂದು ತಿಂಗಳಿಗೆ 1,000 ರೂಪಾಯಿ ಸಿಗುತ್ತದೆ ಎಂದೂ ತಿಳಿಸಿದರು. ಮನೆಯವರನ್ನೆಲ್ಲ ತಪಾಸಣೆಗೆ ಕರೆಸಿದರು. ಅವತ್ತು ಫೀಸು ಮುಟ್ಟಲಿಲ್ಲ.

ಅಪ್ಪನಿಗೆ ಈಗ ಹಸಿವು ಜಾಸ್ತಿ. ಥ್ಯಾಂಕ್ಸ್ ಡಾಕ್ಟ್ರೇ.